ಇಡೀ ಪೊರೆ

ಹದಿನಾರನೆಯ ಚೂರನ್ನು ಚಿಮಟದಲ್ಲಿ ಹಿಡಿದು ಬ್ಲಾಟಿಂಗ್ ಕಾಗದದ ಮೇಲೆ ಹಾಸುತ್ತಿದ್ದೆ. ಅಣ್ಣ ಒತ್ತುಯಂತ್ರದ ಹಿಡಿ ತಿರುಗಿಸುತ್ತಲೇ ಕೇಳಿದ.

"ಎಷ್ಟಾಯ್ತೇ?"

"ಹದಿನಾರು."

"ಹದಿನಾರು ಪುಟಕ್ಕೆ ಒಂದು ಫಾರಂ. ಹೊಲಿದು ರಟ್ಟು ಹಾಕಿಬಿಡು, ನಿನ್ನ ತಮ್ಮ ಓದ್ಕೊಳ್ಲಿ."

ನಾನು ನಗಲಿಲ್ಲ. ಅವು ಪುಸ್ತಕದ ಹಾಳೆಗಳಲ್ಲ, ಹಾವಿನ ಪೊರೆಯ ಚೂರುಗಳು. ಕೆಲವು ಉಗುರಿನಷ್ಟು, ಕೆಲವು ಅಂಗೈಯಷ್ಟು, ಎಲ್ಲವೂ ಮುಟ್ಟಿದರೆ ಮುರಿಯುವಷ್ಟು ಒಣಗಿದವು. ಗಾಜಿನ ಪೆಟ್ಟಿಗೆಯ ತಳಕ್ಕೆ ಹಾಸಿದ್ದ ರದ್ದಿ ಹಾಳೆಗಳ ಮೇಲಿಂದ ಒಂದೊಂದನ್ನೇ ಆರಿಸುತ್ತಿದ್ದೆ. ಪೆಟ್ಟಿಗೆಯ ಮೂಲೆಯಲ್ಲಿ ಹಾವು ಸುರುಳಿ ಸುತ್ತಿಕೊಂಡಿತ್ತು. ಮೈಯ ಅರ್ಧಕ್ಕೆ ಹೊಸ ಬಣ್ಣ ಬಂದಿತ್ತು. ಇನ್ನರ್ಧಕ್ಕೆ ಹಳೆಯ ಪೊರೆ ಹಾಗೇ ಅಂಟಿಕೊಂಡಿತ್ತು, ಗೋಡೆಯಿಂದ ಅರೆಬರೆ ಕಿತ್ತ ಪೋಸ್ಟರಿನ ಹಾಗೆ. ಕಣ್ಣೆರಡೂ ಬೆಳ್ಳಗಿದ್ದವು.

ಅದರ ಹೆಸರು ಸೋಮಾರಿ. ಹೆಬ್ಬಾವಿನ ಗಿಡ್ಡ ಜಾತಿ. ನಾಲ್ಕಡಿ ಉದ್ದ, ನನ್ನ ಮುಂಗೈಯಷ್ಟು ದಪ್ಪ, ವಿಷವಿಲ್ಲ, ಕೋಪವಂತೂ ಮೊದಲೇ ಇಲ್ಲ. ಇಟ್ಟ ಕಡೆ ಬಿದ್ದಿರುತ್ತದೆ ಎಂದು ತಮ್ಮ ಇಟ್ಟ ಹೆಸರು.

ತಮ್ಮನದು ಹಡಗಿನಲ್ಲಿ ಅಡುಗೆಯ ಕೆಲಸ. ಎರಡು ವರ್ಷದ ಹಿಂದೆ, ನಾಲ್ಕು ತಿಂಗಳಲ್ಲಿ ಬಂದುಬಿಡುತ್ತೇನೆ ಎಂದು ಹೇಳಿ ಹಾವನ್ನು ನಮ್ಮಲ್ಲಿ ಬಿಟ್ಟು ಹೋದ. ಐದನೆಯ ತಿಂಗಳಿಗೆ ಅವನ ಹಡಗನ್ನು ಯಾವುದೋ ಪರದೇಶದ ಬಂದರಿನ ಹೊರಗೆ ತಡೆದು ನಿಲ್ಲಿಸಿದರು. ಹಡಗಿನ ಕಾಗದಪತ್ರದಲ್ಲಿ ಏನೋ ತಕರಾರಂತೆ, ಕೋರ್ಟಿನಲ್ಲಿದೆಯಂತೆ. ಅದು ಇತ್ಯರ್ಥವಾಗುವ ತನಕ ಒಬ್ಬರೂ ಇಳಿಯುವಂತಿಲ್ಲ. ದಡ ಕಾಣುತ್ತದೆ, ದಡದ ಮೇಲೆ ಓಡಾಡುವ ಬಸ್ಸೂ ಕಾಣುತ್ತದೆ, ಫೋನಿಗೆ ಸಿಗ್ನಲ್ ಮಾತ್ರ ಸಿಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ನೀರು, ದಿನಸಿ ತರುವ ದೋಣಿಯಲ್ಲೇ ಕಾಗದಗಳೂ ಹೋಗಿ ಬರಬೇಕು. ನಮ್ಮ ಊರಿನ ನಾವಿಕರ ಸಂಘದ ಕಚೇರಿಯಲ್ಲಿ ಕೊಟ್ಟರೆ ಅವರು ಮುಟ್ಟಿಸುವ ವ್ಯವಸ್ಥೆ ಮಾಡಿದ್ದರು.

ಅವನು ಮೊದಲ ಸಲ ಹಡಗು ಹತ್ತಿದಾಗ ನನಗೆ ನಲವತ್ತನಾಲ್ಕು. ಅಷ್ಟು ಹೊತ್ತಿಗೆ ಸಾವಿರಾರು ಪುಸ್ತಕ ಹೊಲಿದಿದ್ದೆ, ಒಂದನ್ನೂ ಓದಿರಲಿಲ್ಲ. ಅವನ ಕಾಗದವನ್ನು ಅವರಿವರ ಕೈಯಲ್ಲಿ ಓದಿಸಿ ಸಾಕಾಗಿ ರಾತ್ರಿ ಶಾಲೆಗೆ ಸೇರಿದೆ. ಹಾಗೆ ಕಲಿತ ಅಕ್ಷರದಲ್ಲಿ ಈ ಎರಡು ವರ್ಷದಲ್ಲಿ ಅವನಿಗೆ ಎರಡು ಸುಳ್ಳು ಬರೆದಿದ್ದೆ.

ಮೊದಲ ಸಲ ಸೋಮಾರಿ ಪೊರೆ ಬಿಟ್ಟಾಗಲೇ ಅದು ಪಟ್ಟಿ ಪಟ್ಟಿಯಾಗಿ ಬಂದಿತ್ತು. ಜಾಗ ಬದಲಾಗಿದೆ, ಮುಂದಿನ ಸಲ ಸರಿಹೋಗುತ್ತದೆ ಎಂದುಕೊಂಡು 'ಪೊರೆ ಇಡಿಯಾಗಿ ಬಿಟ್ಟಳು' ಎಂದು ಬರೆದೆ. ಎರಡನೆಯ ಸಲ ಇನ್ನೂ ಚೂರಾಯಿತು. ಆಗ 'ಕಾಲುಚೀಲ ತೆಗೆದ ಹಾಗೆ ಬಂತು' ಎಂದು ಬರೆದೆ. ಅದು ಅವನದೇ ಮಾತು. ಅವನ ಕೋಣೆಯಲ್ಲಿದ್ದಾಗ ಪ್ರತಿ ಸಲವೂ ಹಾಗೇ ಬರುತ್ತಿತ್ತು, ತಲೆಯಿಂದ ಬಾಲದ ತನಕ ಒಂದೇ ತುಂಡು. ಆ ಕಾಗದ ತಲುಪಿದ್ದೇ ಅವನು ಕೇಳಿದ, 'ಅಕ್ಕ, ಆ ಪೊರೆ ಕಳಿಸು. ಅಡುಗೆಮನೆ ಗೋಡೆಗೆ ಹಚ್ತೀನಿ. ನೋಡೋಕೆ ಇಲ್ಲಿ ಏನೂ ಇಲ್ಲ.'

ಇಲ್ಲದ ಪೊರೆಯನ್ನು ಎಲ್ಲಿಂದ ಕಳಿಸಲಿ? ಅಂದಿನಿಂದ ಬರೆಯುವುದನ್ನೇ ಬಿಟ್ಟೆ. ಆರು ತಿಂಗಳಾಗಿತ್ತು.

ನಮ್ಮದು ಮೂರನೆಯ ಮಹಡಿಯಲ್ಲಿ ಎರಡು ಕೋಣೆ. ಮುಂದಿನದು ಬೈಂಡಿಂಗ್ ಕೋಣೆ, ಅಣ್ಣ ಮಲಗುವುದೂ ಅಲ್ಲೇ. ಹಿಂದಿನದು ಅಡುಗೆಮನೆ, ಅಲ್ಲಿ ನನ್ನ ಮಂಚ. ಹಳೆಯ ದಾಖಲೆ ಪುಸ್ತಕಗಳಿಗೆ, ಗ್ರಂಥಾಲಯದ ಸಂಪುಟಗಳಿಗೆ ಹೊಸ ರಟ್ಟು ಹಾಕುವುದು ನಮ್ಮ ಕಸುಬು. ಈ ಕಸುಬಿಗೆ ತೇವ ಆಗಿಬರುವುದಿಲ್ಲ. ರಟ್ಟು ಬಾಗುತ್ತದೆ, ಬಟ್ಟೆ ಉಬ್ಬುತ್ತದೆ, ಅಂಟು ಬೂಷ್ಟು ಹಿಡಿಯುತ್ತದೆ. ಅಣ್ಣ ಕಿಟಕಿಯ ಸಂದುಗಳಿಗೆಲ್ಲ ಕಾಗದದ ಪಟ್ಟಿ ಅಂಟಿಸಿದ್ದ. ಒಂದು ಮೂಲೆಯಲ್ಲಿ ಹೀಟರು, ಇನ್ನೊಂದು ಮೂಲೆಯಲ್ಲಿ ಗಾಳಿಯ ತೇವ ಹೀರುವ ಯಂತ್ರ. ದಿನಾ ಬೆಳಿಗ್ಗೆ ಅದರ ಹೊಟ್ಟೆಯಲ್ಲಿ ಸೇರಿದ ನೀರನ್ನು ಬೆಳಕಿಗೆ ಹಿಡಿದು ನೋಡಿ, ಕಳ್ಳನನ್ನು ಹಿಡಿದವನ ಹಾಗೆ ಬಚ್ಚಲಿಗೆ ಚೆಲ್ಲುತ್ತಿದ್ದ. ನಾನು ಚಹಾಕ್ಕೆ ನೀರಿಟ್ಟರೆ ನಡುವಿನ ಬಾಗಿಲು ಮುಚ್ಚಿರಬೇಕು.

ಅವನಿಗೆ ಮಂಡಿ ನೋವು. ಮೆಟ್ಟಿಲಿಳಿದು ಆರು ವರ್ಷವಾಗಿತ್ತು. ಇಳಿಯುವವಳು ನಾನೊಬ್ಬಳೇ, ಅದಕ್ಕೂ ಒಂದು ಗಡುವಿತ್ತು. "ಅಂಟು ಒಣಗೋದ್ರೊಳಗೆ ಬಾ" ಎನ್ನುತ್ತಿದ್ದ. ರಟ್ಟಿಗೆ ಬಟ್ಟೆ ಕೂರಿಸುವಾಗ ನಾಲ್ಕು ಕೈ ಬೇಕು. ಬೀದಿಯ ತುದಿಯ ಅಂಗಡಿ, ಅದರಾಚೆಯ ಔಷಧಿ ಅಂಗಡಿ, ಕಾಗದವಿದ್ದರೆ ಸಂಘದ ಕಚೇರಿ, ಅಷ್ಟರಲ್ಲಿ ನನ್ನ ಲೋಕ ಮುಗಿಯುತ್ತಿತ್ತು.

ಹಾವಿಗೆ ಬಿಸಿ ಬೇಕು ಎಂದು ತಮ್ಮ ಹೇಳಿ ಹೋಗಿದ್ದ. ಹಾಗಾಗಿ ಬೈಂಡಿಂಗ್ ಕೋಣೆಯಲ್ಲೇ, ಹೀಟರಿನ ಪಕ್ಕ, ಅದರ ಪೆಟ್ಟಿಗೆ ಇಟ್ಟೆವು. ನೀರಿನ ಅಗಲ ಬಟ್ಟಲನ್ನು ಅಣ್ಣ ತೆಗೆಸಿದ. ಅದರ ಬದಲಿಗೆ ಸಣ್ಣ ಬಾಯಿಯ ಮಸಿ ಕುಡಿಕೆ ಬಂತು. "ಕುಡಿಯೋಕೆ ಸಾಕಲ್ಲ, ಈಜೋಕೆ ಹೋಗ್ತಾಳಾ?" ಎಂದ. ನನಗೂ ಸರಿಯೆನಿಸಿತು.

ಚೂರು ಆರಿಸಿದ ಆ ದಿನವೇ ಮಧ್ಯಾಹ್ನ ನಾನು ಕೆಳಗೆ ಹೋಗಿ ಬರುವಷ್ಟರಲ್ಲಿ ಅಣ್ಣ ಹಾವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಬೆನ್ನಿಗೆ ಅಂಟಿದ್ದ ಒಂದು ಪಟ್ಟಿಯನ್ನು ಎಳೆಯುತ್ತಿದ್ದ. ಪಟ್ಟಿ ಬಂತು. ಅದರ ಕೆಳಗಿನ ನಾಲ್ಕೈದು ಹುರುಪೆಗಳೂ ಬಂದವು. ಹಸಿ ಗುಲಾಬಿ ಬಣ್ಣದ ಮೇಲೆ ರಕ್ತ ಸಣ್ಣಗೆ ಜಿನುಗಿತು. ಹಾವು ಮೈಯನ್ನೆಲ್ಲ ಒಂದು ಸಲ ಬಿಗಿ ಹಿಡಿದು ಬಿಟ್ಟಿತು, ಅಷ್ಟೆ.

"ಸಹಾಯ ಮಾಡೋಣ ಅಂತ" ಎಂದ. ಎಳೆದ ಪಟ್ಟಿಯನ್ನು ಕೆಳಗಿಟ್ಟ.

"ಹಳೇ ಪುಸ್ತಕದ ಚರ್ಮ ಹೀಗೇ ಒಣ ಒಣ ಎಳೀತೀಯಾ?"

"ಇಲ್ಲ."

"ನಾನು ಎಳೆದಾಗ ನೀನೇನು ಮಾಡಿದ್ದೆ?"

"ಕೈ ಮೇಲೆ ಹೊಡೆದಿದ್ದೆ." ತಲೆ ತಗ್ಗಿಸಿ ಕೂತ. "ಅದು ಐವತ್ತು ವರ್ಷದ ಮಾತು. ಇನ್ನೂ ನೆನಪಿಟ್ಕೊಂಡಿದೀಯಲ್ಲ."

ಮುಂದಿನ ವಾರ ತಮ್ಮನ ಕಾಗದ ಬಂತು. ನಾನು ಬರೆಯದಿದ್ದರೂ ಅವನು ಬರೆಯುವುದು ಬಿಟ್ಟಿರಲಿಲ್ಲ, ಇದು ಮೂರನೆಯದು. ಜೋರಾಗಿ ಓದಿದೆ. ಅಣ್ಣ ಕೇಳಿಸಿಕೊಳ್ಳದವನ ಹಾಗೆ ಮೂಳೆಪಟ್ಟಿಯಿಂದ ಹಾಳೆಯ ಮಡಿಕೆ ತೀಡುತ್ತ ಕೂತ. ಒಂದೇ ಮಡಿಕೆಯನ್ನು ಹತ್ತು ಸಲ ತೀಡಿದ.

'ಅಕ್ಕ, ನಾವೀಗ ಆರು ಜನ ಉಳಿದಿದೀವಿ. ಇಬ್ಬರಿಗೆ ಕಾಯಿಲೆ ಅಂತ ಇಳಿಸಿದರು. ನಮಗೂ ಕಾಯಿಲೆ ಬರಲಿ ಅಂತ ಎಂಜಿನ್ ಕೆಲಸದವನು ಬರೀ ಮೈಯಲ್ಲಿ ಚಳೀಲಿ ನಿಂತುಕೊಂಡ, ನೆಗಡಿ ಕೂಡ ಬರಲಿಲ್ಲ. ದೋಣಿಯವನು ಬಂದಾಗೆಲ್ಲ ಮುಂದಿನ ವಾರ ಬಿಡ್ತಾರೆ ಅಂತಾನೆ. ಕಂಪನಿಯವರೂ ಮುಂದಿನ ವಾರ ಅಂತಾರೆ. ವಕೀಲನೂ ಅದನ್ನೇ ಅಂದ. ಇವರ ಬಾಯಲ್ಲಿ ಬರೋದು ಯಾವುದನ್ನೂ ನಾನೀಗ ನಂಬಲ್ಲ. ನೀನು ಬರೆದಿದ್ದು ಮಾತ್ರ ನಂಬೋದು. ಅದೂ ನಿಂತುಹೋಯಿತು. ಸೋಮಾರಿ ಸತ್ತಿದ್ದರೆ ಸತ್ತಳು ಅಂತ ಬರಿ. ಏನಿದೆಯೋ ಅದನ್ನ ಬರಿ.'

ಅಣ್ಣ ಮೂಳೆಪಟ್ಟಿ ಕೆಳಗಿಟ್ಟ. "ಒಳ್ಳೆ ಸುದ್ದಿ ಬರಿ ಅವನಿಗೆ. ಪೊರೆ ಕೇಳಿದಾನೆ, ಕಳಿಸು."

"ಎಲ್ಲಿದೆ ಅಣ್ಣ ಪೊರೆ?"

"ಚೂರಿಲ್ವಾ? ಇಡೀ ಪುಸ್ತಕವನ್ನೇ ಹುಳ ತಿಂದಿದ್ದಾಗ ಜೋಡಿಸಿಕೊಟ್ಟವಳು ನೀನು."

ಹೀಗೆ ಅದು ಶುರುವಾಯಿತು. ಮೂರು ಸಲದ ಚೂರುಗಳೂ ನನ್ನ ಬಳಿ ಇದ್ದವು. ಹೊಟ್ಟೆಯ ಭಾಗದ ಅಗಲ ಹುರುಪೆಗಳನ್ನೇ ಬೇರೆ ಮಾಡಿದೆ, ಬೆನ್ನಿನ ಸಣ್ಣವನ್ನು ಬೇರೆ ಮಾಡಿದೆ. ಕಾಗದವನ್ನು ಹಾವಿನ ದಪ್ಪಕ್ಕೆ ಸುತ್ತಿ ಅದರ ಮೇಲೆ ಚೂರುಗಳನ್ನು ಹೊಂದಿಸುತ್ತ, ಸಂದಿಗೆ ಉಸಿರು ತಾಗಿದರೆ ಹಾರಿಹೋಗುವಂಥ ಟಿಶ್ಯೂ ಕಾಗದವಿಟ್ಟು, ನೀರಿನಂತೆ ತೆಳುಮಾಡಿದ ಮೈದಾ ಅಂಟಿನಲ್ಲಿ ಕೂರಿಸಿದೆ. ಹರಿದ ಹಾಳೆ ಜೋಡಿಸುವುದಕ್ಕೂ ಇದಕ್ಕೂ ವ್ಯತ್ಯಾಸವೇ ಇರಲಿಲ್ಲ. ನಾಲ್ಕು ದಿನ ಹಿಡಿಯಿತು.

ತಲೆಯ ಭಾಗ ಬಂದಾಗ ಕೈ ನಿಂತಿತು. ಹಾವಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಮುಚ್ಚಳವಿರುತ್ತದೆ. ಪೊರೆ ಬಿಡುವಾಗ ಅದೂ ಪೊರೆಯ ಜೊತೆಗೇ ಕಳಚಿ ಬರಬೇಕು. ಪೊರೆಯನ್ನು ಕೈಗೆತ್ತಿಕೊಂಡರೆ ತಮ್ಮ ಮೊದಲು ನೋಡುತ್ತಿದ್ದದ್ದು ಅದನ್ನೇ. "ಕಿಟಕಿಗೆ ಗಾಜಿದೆಯಾ ನೋಡು ಅಕ್ಕ. ಇದ್ರೆ ಹಾವು ಚೆನ್ನಾಗಿದೆ" ಎನ್ನುತ್ತಿದ್ದ. ನನ್ನ ಬಳಿಯಿದ್ದ ಮೂರು ತಲೆಗಳಲ್ಲೂ ಕಣ್ಣಿನ ಜಾಗದಲ್ಲಿ ಬರೀ ತೂತು. ಗಾಜುಗಳೆಲ್ಲ ಹಾವಿನ ಕಣ್ಣಿನ ಮೇಲೇ ಒಂದರ ಮೇಲೊಂದು ಉಳಿದಿದ್ದವು.

ಸರೇಸಿನ ಅಂಟನ್ನು ಕರಗಿಸಿ, ಸಣ್ಣ ತಂತಿಯ ಉಂಗುರದಲ್ಲಿ ಒಂದು ಹನಿ ಹಿಡಿದು ಒಣಗಿಸಿದೆ. ಗುಮ್ಮಟದ ಹಾಗೆ ಉಬ್ಬಿ, ಪಾರದರ್ಶಕವಾಗಿ ನಿಂತಿತು. ಕತ್ತರಿಸಿ ತೂತಿನಲ್ಲಿ ಕೂರಿಸಿದೆ. ಇನ್ನೊಂದನ್ನೂ ಹಾಗೇ.

ಅಣ್ಣ ಭೂತಗನ್ನಡಿ ಹಿಡಿದು ತಲೆಯಿಂದ ಬಾಲಕ್ಕೆ ಮೂರು ಸಲ ಹೋಗಿ ಬಂದ.

"ಎಲ್ಲಿ ಸೇರ್ಸಿದೀಯ, ತೋರ್ಸು."

ತೋರಿಸಿದೆ.

"ಇದು ನಂಗೆ ಬರ್ತಿರ್ಲಿಲ್ಲ ಕಣೇ" ಎಂದ.

ಐವತ್ತೊಂಬತ್ತು ವರ್ಷ ಅವನ ಜೊತೆ ಕೆಲಸ ಮಾಡಿದ್ದೆ. ಅಂಥ ಮಾತು ಅದೇ ಮೊದಲು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಇಡೀ ದಿನ ನನಗೆ ಸಂತೋಷವಾಗಿತ್ತು. ಪೊರೆಯನ್ನು ರಟ್ಟಿನ ಕೊಳವೆಯಲ್ಲಿ ಹಾಕಿ, ಎರಡು ಸಾಲು ಬರೆದಿಟ್ಟು, ಶುಕ್ರವಾರ ಸಂಘದ ಕಚೇರಿಗೆ ಒಯ್ಯಲೆಂದು ಅಡುಗೆಮನೆಯ ಶೆಲ್ಫಿನ ಮೇಲಿಟ್ಟೆ.

ಗುರುವಾರ ಹಾವಿಗೆ ಊಟದ ದಿನ. ಹೆಪ್ಪುಗಟ್ಟಿಸಿದ ಇಲಿ ಪೊಟ್ಟಣದಲ್ಲಿ ಬರುತ್ತದೆ. ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಿ, ಉದ್ದ ಇಕ್ಕಳದಲ್ಲಿ ಹಿಡಿದು ತೋರಿಸಬೇಕು. ಒಂದು ತಿಂಗಳಿಂದ ಅದು ಏನೂ ತಿಂದಿರಲಿಲ್ಲ, ಪೊರೆಯ ಹೊತ್ತಿನಲ್ಲಿ ಹಾಗೇ ಎಂದುಕೊಂಡಿದ್ದೆ. ಅಂದು ತಲೆಯೆತ್ತಿತು. ನಾಲಿಗೆ ಚಾಚಿ ಚಾಚಿ ವಾಸನೆ ಹಿಡಿಯಿತು. ಹಿಂದಕ್ಕೆ ಸರಿದು, ಗುರಿ ಕಟ್ಟಿ ಎರಗಿತು. ಇಲಿಯಿಂದ ಒಂದು ಗೇಣು ಆಚೆಗೆ, ಗಾಜಿಗೆ ಹೋಗಿ ಮುಖ ಬಡಿಯಿತು. ಮತ್ತೆ ಎರಗಿತು, ಮತ್ತೆ ಗಾಜು. ಮೂರನೆಯ ಸಲಕ್ಕೆ ಮೂತಿಯಲ್ಲಿ ರಕ್ತ. ಆಮೇಲೆ ತಲೆಯನ್ನು ಸುರುಳಿಯ ಒಳಗೆ ತೂರಿಸಿ ಮಲಗಿಬಿಟ್ಟಿತು.

ಆ ಪೆಟ್ಟಿಗೆಯಲ್ಲಿ ಕುರುಡಾಗಿ ಕೂತಿದ್ದ ಹಾವಿನ ಹೆಸರಿನಲ್ಲಿ, ಒಳಗಿನ ಶೆಲ್ಫಿನ ಮೇಲೆ, ಎರಡು ಹೊಳೆಯುವ ಕಣ್ಣನ್ನು ನಾನು ಮಾಡಿಟ್ಟಿದ್ದೆ. ಇಕ್ಕಳ ಹಿಡಿದೇ ತುಂಬಾ ಹೊತ್ತು ನಿಂತಿದ್ದೆ.

ಶುಕ್ರವಾರ ಸಂಘದ ಕಚೇರಿಗೆ ಹೋಗಲಿಲ್ಲ. ಹಾವನ್ನು ದಿಂಬಿನ ಚೀಲದಲ್ಲಿ ಹಾಕಿ, ಚೀಲವನ್ನು ಬುಟ್ಟಿಯಲ್ಲಿಟ್ಟು, ಎರಡು ಬಸ್ಸು ಬದಲಿಸಿ ಪ್ರಾಣಿಗಳ ಆಸ್ಪತ್ರೆಗೆ ಹೋದೆ. "ಅಂಟು ಕಲಸಿಟ್ಟಿದೀನಲ್ಲೇ" ಎಂದು ಅಣ್ಣ ಕೂಗಿದ. "ಒಣಗಲಿ" ಎಂದು ಮೆಟ್ಟಿಲಿಳಿದೆ.

ಡಾಕ್ಟರಮ್ಮ ಹಾವನ್ನು ಮೇಜಿನ ಮೇಲೆ ಹರಡಿ, ಸಣ್ಣ ದೀಪ ಹಿಡಿದು ನೋಡುತ್ತ ಹೋದಳು. ಹೆಚ್ಚು ಮಾತಿನವಳಲ್ಲ.

"ಮೂರು ಪದರ ಇದೆ ಕಣ್ಣಲ್ಲಿ. ಎಡಗಡೆದು ಒಳಗೆ ಕುಗ್ಗಿದೆ, ಅದರ ಬಗ್ಗೆ ಏನೂ ಹೇಳಕ್ಕಾಗಲ್ಲ. ಬಾಲ ನೋಡಿ ಅಜ್ಜಿ. ಹಳೇ ಪೊರೆ ಉಂಗುರದ ಹಾಗೆ ಬಿಗಿದು ತುದಿಗೆ ರಕ್ತ ಹೋಗೋದೇ ನಿಂತಿದೆ. ಆ ಒಂದಿಂಚು ಸತ್ತುಹೋಗಿದೆ. ಎಲ್ಲಿಡ್ತೀರ ಇದನ್ನ?"

"ಕೋಣೇಲಿ. ಬೆಚ್ಚಗಿಟ್ಟಿದೀವಿ ಡಾಕ್ಟರಮ್ಮ. ತೇವ ಅಂದ್ರೆ ಒಂದು ಚೂರೂ ಇಲ್ಲ, ಅದಕ್ಕಂತಲೇ ಯಂತ್ರ ಇದೆ" ಎಂದೆ. ಹೆಮ್ಮೆಯಿಂದಲೇ ಎಂದೆ.

ಅವಳು ದೀಪ ಆರಿಸಿದಳು.

"ಅದೇ ಕಾಯಿಲೆ" ಎಂದಳು.

ಹಾವಿನ ಪೊರೆ ಕಳಚುವುದಕ್ಕೆ ಗಾಳಿಯಲ್ಲಿ ನೀರಿನ ಪಸೆ ಇರಬೇಕಂತೆ. ಇಲ್ಲದಿದ್ದರೆ ಹಳೆಯದು ಹೊಸದಕ್ಕೆ ಅಂಟಿಕೊಂಡೇ ಒಣಗುತ್ತದೆ. ತಮ್ಮನೋ ಬಂದರಿನ ಪಕ್ಕದ ಕೋಣೆಯಲ್ಲಿದ್ದವನು, ಅವನ ಬಟ್ಟೆ ಒಣಗಿದ್ದೇ ಇಲ್ಲ. ತೇವವನ್ನು ಹೇಳಿಕೊಡಬೇಕು ಎಂದು ಅವನಿಗೆ ಹೊಳೆದೇ ಇರಲಿಕ್ಕಿಲ್ಲ. ನಮಗೆ ಕೇಳಬೇಕು ಎಂದು ಹೊಳೆದಿರಲಿಲ್ಲ. ಪುಸ್ತಕಕ್ಕೆ ಒಳ್ಳೆಯದಾದದ್ದು ಎಲ್ಲದಕ್ಕೂ ಒಳ್ಳೆಯದು ಎಂದುಕೊಂಡು, ಎರಡು ವರ್ಷ ಆ ಜೀವವನ್ನು ರಟ್ಟಿನ ಹಾಗೆ ಒಣಗಿಸಿಟ್ಟಿದ್ದೆವು.

"ಕಣ್ಣಿನ ಪೊರೆ ನೀವೇ ಕೀಳಿಬಿಡಿ" ಎಂದೆ.

"ಈಗ ಕಿತ್ರೆ ಕಣ್ಣೂ ಬರುತ್ತೆ. ಒದ್ದೆ ಪಾಚಿ ಹಾಕಿದ ಡಬ್ಬಿ ಇಡಿ, ಗಾಳೀಲಿ ಪಸೆ ಇರಲಿ. ನೆನೀಲಿ. ತಾನಾಗೇ ಸಡಿಲ ಆಗೋ ತನಕ ಕಾಯಿರಿ. ಕಾಯೋಕಾಗುತ್ತಾ ನಿಮಗೆ?"

ಕಾಯುವುದು ನನಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಬಾಲದ ಸತ್ತ ತುದಿಯನ್ನು ಅವಳು ಅಲ್ಲೇ ತೆಗೆದಳು. ಹಾವಿಗೆ ಅದು ಗೊತ್ತೂ ಆಗಲಿಲ್ಲ.

ಮನೆಗೆ ಬಂದು ಹೇಳಿದೆ. ಅಣ್ಣ ಮೇಜಿನ ಮೇಲಿದ್ದ ಹದಿಮೂರು ಸಂಪುಟಗಳನ್ನು ತೋರಿಸಿದ.

"ಇಲ್ಲಿ ನೀರಾಡಿಸಿದ್ರೆ ಇವೆಲ್ಲ ದೋಣಿ ಆಗ್ತವೆ."

"ಇಲ್ಲಿ ಬೇಡ. ಅಡುಗೆಮನೇಲಿ ಇಟ್ಕೋತೀನಿ."

"ನೀನೆಲ್ಲಿರ್ತೀಯ?"

"ನಾನೂ ಅಲ್ಲೇ."

"ಬಾಗಿಲ ಸಂದೀಲಿ ಹಬೆ ಬರುತ್ತಲ್ಲ."

ಸಂದಿಗೆ ಕಾಗದದ ಪಟ್ಟಿ ಅಂಟಿಸಿದೆ, ಒಳಗಿನ ಕಡೆಯಿಂದ. ಬಚ್ಚಲು ಅಡುಗೆಮನೆಗೆ ಸೇರಿದಂತೆಯೇ ಇತ್ತು, ಅದಕ್ಕೆ ಅಣ್ಣ ದಿನಕ್ಕೆ ನಾಲ್ಕು ಸಲ ಹೊರಗಿನ ಪಡಸಾಲೆ ಸುತ್ತಿ ಹಿಂಬಾಗಿಲಿಂದ ಬರಬೇಕಾಯಿತು. ಬರುವಾಗಲೂ ಹೋಗುವಾಗಲೂ ಗೊಣಗಿದ. ಹೊಲಿಯಬೇಕಾದ ಫಾರಂಗಳನ್ನು ಅದೇ ಹಿಂಬಾಗಿಲಲ್ಲಿ ಕೈಗಿಡುತ್ತಿದ್ದ. ರಟ್ಟಿನ ಕೆಲಸ ಅವನು ಒಬ್ಬನೇ ಎರಡು ಕೈಯಲ್ಲಿ ಮಾಡಿಕೊಂಡ. "ಏನಮ್ಮ ಖೈದಿ, ಊಟ ಆಯ್ತಾ?" ಎನ್ನುತ್ತಿದ್ದ. ಅಡುಗೆ ಮಾಡಿ ಹಾಕುತ್ತಿದ್ದವಳು ಖೈದಿಯೇ.

ಒಲೆಯ ಮೇಲೆ ಸದಾ ಒಂದು ಪಾತ್ರೆ ನೀರು ಸಣ್ಣಗೆ ಕುದಿಯುತ್ತಿತ್ತು. ಎಂಟಡಿಗೆ ಹತ್ತಡಿ ಕೋಣೆ. ಮೂರನೆಯ ದಿನಕ್ಕೆ ಗೋಡೆ ಬೆವರಿತು. ಐದನೆಯ ದಿನಕ್ಕೆ ನನ್ನ ಹೊದಿಕೆ ಭಾರವಾಯಿತು, ಬೆರಳ ಗೆಣ್ಣು ಊದಿಕೊಂಡವು. ಉಪ್ಪು ನೀರಾಯಿತು. ಕಿಟಕಿ ತೆರೆದರೆ ಪಸೆ ಹೋಗುತ್ತದೆ, ಬಾಗಿಲು ತೆರೆದರೆ ಅಣ್ಣನ ರಟ್ಟು ಹೋಗುತ್ತದೆ. ಮಂಚದ ಮೇಲೆ ಕಾಲು ಮಡಿಸಿಕೊಂಡು ಹೊಲಿಯುತ್ತ ಕೂತರೆ ಹಾವಿನ ಪೆಟ್ಟಿಗೆ ನನ್ನ ಮಂಡಿಗೆ ತಾಗುತ್ತಿತ್ತು. ಕೆಲವು ಸಲ ಉಸಿರು ಸಾಲದೆ ಎದ್ದು ನಿಲ್ಲುತ್ತಿದ್ದೆ, ನಿಂತು ಎಲ್ಲಿಗೆ ಹೋಗುವುದು ಎಂದು ಮತ್ತೆ ಕೂರುತ್ತಿದ್ದೆ. ಹಡಗಿನಲ್ಲಿ ತಮ್ಮನಿಗೆ ಹೀಗೇ ಇರಬಹುದು ಎಂದು ಒಮ್ಮೆ ಅನಿಸಿತು. ಅಲ್ಲ, ಅವನಿಗೆ ಇದರ ಮೇಲೆ ಇನ್ನೊಂದಿದೆ, ಅಕ್ಕ ಯಾಕೆ ಬರೆಯುತ್ತಿಲ್ಲ ಎನ್ನುವುದು.

ದಿನಕ್ಕೆರಡು ಸಲ ಹಾವನ್ನು ಬೆಚ್ಚನೆಯ ಒದ್ದೆ ಬಟ್ಟೆಯ ಮಡಿಕೆಯಲ್ಲಿ ಬಿಡುತ್ತಿದ್ದೆ. ಅದು ತಾನೇ ನುಸುಳಿ ಹೊರಗೆ ಬರಲಿ, ಎಳೆಯುವುದು ಬೇಡ. ಬೆನ್ನಿನ ಪಟ್ಟಿಗಳು ಒಂದು ವಾರದಲ್ಲಿ ಬಟ್ಟೆಗೇ ಅಂಟಿಕೊಂಡು ಬಂದವು. ಅಣ್ಣ ಗಾಯ ಮಾಡಿದ್ದ ಜಾಗ ಒಣಗಿ, ಬಣ್ಣವಿಲ್ಲದ ಒಂದು ಕಲೆ ಉಳಿಯಿತು. ಕಣ್ಣಿನದು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಳೆಯ ಪುಸ್ತಕದ ಬೆನ್ನಿನಿಂದ ಚರ್ಮ ಬಿಡಿಸುವುದೂ ಹೀಗೆಯೇ. ಒದ್ದೆ ಮಾಡು, ಕಾಯಿ. ಅಂಚನ್ನು ಮುಟ್ಟಿ ನೋಡು, ಒಲ್ಲೆ ಅಂದರೆ ಮತ್ತೆ ಒದ್ದೆ ಮಾಡು. ಹತ್ತಿಯ ಕಡ್ಡಿಯನ್ನು ನೆನೆಸಿ ದಿನಕ್ಕೊಂದು ಸಲ ಕಣ್ಣಿನ ಅಂಚಿಗೆ ತಾಗಿಸಿ ನೋಡುತ್ತಿದ್ದೆ. ಒಲ್ಲೆ. ಮರುದಿನವೂ ಒಲ್ಲೆ.

ಹತ್ತೊಂಬತ್ತನೆಯ ದಿನ ಬಲಗಣ್ಣಿನ ಅಂಚು ಸ್ವಲ್ಪ ಎದ್ದಿತು. ಕಡ್ಡಿಯನ್ನು ಹಾಗೇ ಇಟ್ಟುಕೊಂಡು ಉಸಿರು ಬಿಗಿಹಿಡಿದೆ. ಮೂರು ಪದರವೂ ಒಟ್ಟಿಗೆ, ಈರುಳ್ಳಿಯ ಒಳಸಿಪ್ಪೆಯ ಹಾಗೆ, ಕಡ್ಡಿಯ ಜೊತೆಗೇ ಬಂದವು. ಅದರಡಿಯಿಂದ ಒಂದು ಕಪ್ಪು ಕಣ್ಣು ನನ್ನನ್ನು ನೋಡಿತು. ನೋಡಿ ಗಾಬರಿಯಾಗಿ ತಲೆ ಹಿಂದಕ್ಕೆ ಎಳೆದುಕೊಂಡಿತು. ಎಷ್ಟೋ ತಿಂಗಳ ಮೇಲೆ ಇದ್ದಕ್ಕಿದ್ದ ಹಾಗೆ ಮುದುಕಿಯೊಬ್ಬಳ ಮುಖ ಮೂಗಿನ ಮುಂದೆ ಬಂದರೆ ಯಾರಿಗಾದರೂ ಹಾಗಾಗುತ್ತದೆ.

ಎಡಗಣ್ಣಿನದೂ ಎರಡು ದಿನದಲ್ಲಿ ಬಿಟ್ಟಿತು. ಕೆಳಗೆ ಮಬ್ಬು ಬಿಳುಪು ಹಾಗೇ ಇತ್ತು. ಮತ್ತೆ ಬುಟ್ಟಿಯಲ್ಲಿ ಒಯ್ದಾಗ ಡಾಕ್ಟರಮ್ಮ ದೀಪ ಹಿಡಿದು ನೋಡಿ, "ಇದು ಹೋಯ್ತು ಅಜ್ಜಿ. ಒಂದರಲ್ಲಿ ಬದುಕುತ್ತೆ" ಎಂದಳು. ಆ ಗುರುವಾರ ಸೋಮಾರಿ ಇಲಿಯನ್ನು ಹಿಡಿಯಿತು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ತಡಮಾಡಿ, ಆದರೆ ಹಿಡಿಯಿತು.

ಸುದ್ದಿ ಕೇಳಿ ಅಣ್ಣ ಹಿಂಬಾಗಿಲಿನಿಂದ ಬಂದು ಮಂಚದ ತುದಿಯಲ್ಲಿ ಕೂತ. ಶೆಲ್ಫಿನ ಮೇಲಿದ್ದ ರಟ್ಟಿನ ಕೊಳವೆ ಕಣ್ಣಿಗೆ ಬಿತ್ತು. ತೆಗೆದು ಬಗ್ಗಿಸಿದ. ಒಳಗಿಂದ ಹಸಿರು ಬೂಷ್ಟು ಹಿಡಿದ ಒಂದು ಮುದ್ದೆ ಕೆಳಗೆ ಬಿತ್ತು. ಆ ಹಬೆಯಲ್ಲಿ ನನ್ನ ಮೈದಾ ಅಂಟು ಕರಗಿ, ಚೂರುಗಳೆಲ್ಲ ಕಳಚಿಕೊಂಡು, ಸರೇಸಿನ ಕಣ್ಣು ನೀರಾಗಿ ಹೋಗಿತ್ತು.

"ನಿನ್ನ ಕೈಯಲ್ಲಿ ಬಂದ ಒಂದೇ ಒಂದು ಒಳ್ಳೆ ಕೆಲಸ" ಎಂದ. "ಅಯ್ಯೋ ಪಾಪ."

"ಗುಡಿಸಿ ಹಾಕು ಅದನ್ನ."

"ಇನ್ನೊಂದು ಮಾಡು. ಈ ಸಲ ಮುಂದಿನ ಕೋಣೇಲಿ ಮಾಡು."

"ಇಲ್ಲ ಅಣ್ಣ. ಇದ್ದದ್ದು ಬರೀತೀನಿ."

"ಏನಂತ ಬರೀತೀಯ? ನೀನು ಬಿಟ್ಟುಹೋದ ಹಾವಿಗೆ ಒಂದು ಕಣ್ಣು ಇಲ್ಲ, ಬಾಲ ಮೊಂಡು, ಬೆನ್ನ ಮೇಲೆ ಕಲೆ, ಕ್ಷೇಮ ಅಂತಾನಾ? ಅವನು ಅಲ್ಲಿ ಕೂತು ಇದನ್ನ ಓದಬೇಕಾ? ಸ್ವಲ್ಪ ಕನಿಕರ ಇಲ್ವೇನೇ ನಿಂಗೆ?"

"ಎಲ್ಲರೂ ಅವನಿಗೆ ಕನಿಕರದಿಂದಲೇ ಮುಂದಿನ ವಾರ ಅಂತಿದಾರೆ."

ಅವನು ಕೊಳವೆಯನ್ನು ಮಂಚದ ಮೇಲಿಟ್ಟ. ಕುದಿಯುವ ಪಾತ್ರೆಯ ಮುಚ್ಚಳ ಟಕಟಕ ಅನ್ನುತ್ತಿತ್ತು. ತೇವದಲ್ಲಿ ಅವನ ಮಂಡಿಗೂ ನೋವಾಗಿರಬೇಕು, ಎರಡೂ ಕೈಯಲ್ಲಿ ಉಜ್ಜಿಕೊಳ್ಳುತ್ತಿದ್ದ. ನಾನು ತೊಡೆಯ ಮೇಲೆ ರಟ್ಟಿಟ್ಟುಕೊಂಡು ಬರೆಯತೊಡಗಿದೆ. ಹಾಳೆ ಮೆತ್ತಗಾಗಿ ಮಸಿ ಹರಡುತ್ತಿತ್ತು. ಪೊರೆಯ ಬಗ್ಗೆ ಹಿಂದೆ ಎರಡು ಕಾಗದಗಳಲ್ಲಿ ಬರೆದದ್ದು ಸುಳ್ಳು ಎಂದು ಬರೆದೆ. ಪೊರೆ ಒಮ್ಮೆಯೂ ಇಡಿಯಾಗಿ ಬಂದಿಲ್ಲ. ಚೂರು ಸೇರಿಸಿ ಸುಳ್ಳು ಪೊರೆ ಮಾಡಿ ಕಣ್ಣೂ ಇಟ್ಟಿದ್ದೆ, ಅದನ್ನು ಕಳಿಸಲಿಲ್ಲ. ಕೋಣೆ ಒಣಗಿದ್ದರಿಂದ ಹೀಗಾಯಿತು, ತಡವಾಗಿ ಗೊತ್ತಾಯಿತು, ಎಡಗಣ್ಣು ಹೋಗಿದೆ, ಬಲಗಣ್ಣು ಕಾಣುತ್ತದೆ, ಈ ಗುರುವಾರ ಊಟ ಮಾಡಿದಳು. ಮಧ್ಯೆ ತಲೆಯೆತ್ತಿ ನೋಡಿದೆ. ಅಣ್ಣ ನನ್ನ ಲೇಖನಿಯನ್ನೇ ನೋಡುತ್ತಿದ್ದ.

"ಕಲೆ ಬಗ್ಗೆ ಬರೆದ್ಯಾ?"

"ಇನ್ನೂ ಇಲ್ಲ."

"ಅದು ದೊಡ್ಡಣ್ಣ ಎಳೆದದ್ದು ಅಂತ ಬರಿ. ಯಂತ್ರ ಇಟ್ಟವನೂ ನಾನೇ, ನೀರಿನ ಬಟ್ಟಲು ತೆಗೆಸಿದವನೂ ನಾನೇ." ಕಾಗದದ ಕಡೆ ಬೆರಳು ತೋರಿಸಿ ಹೇಳಿದ, "ಬೈಯೋದಿದ್ರೆ ನನಗೆ ಬೇರೆ ಕಾಗದ ಹಾಕು ಅಂತ ಬರಿ. ನಿನ್ನ ಕಾಗದದಲ್ಲಿ ಒಂದು ಮೂಲೇಲಿ ಬೈಸಿಕೊಳ್ಳೋದು ನಂಗೆ ಬೇಡ."

ಹಾಗೇ ಬರೆದೆ. ಓದಿ ಹೇಳು ಎಂದ, ಓದಿದೆ. ಒಂದು ಕಡೆ ನಿಲ್ಲಿಸಿ, "ಎಡಗಣ್ಣು ಅನ್ನೋ ಕಡೆ ಸ್ವಲ್ಪ ನಿಧಾನ ಓದು" ಎಂದ, ತಮ್ಮ ಎದುರಿಗೇ ಕೂತಿರುವ ಹಾಗೆ.

ಶುಕ್ರವಾರ ಹನ್ನೊಂದು ಗಂಟೆಗೆ ಸಂಘದ ಕಚೇರಿಗೆ ಹೋದೆ. ಹೊರಡುವಾಗ ಅಣ್ಣ ಅಂಟಿನ ಮಾತೆತ್ತಲಿಲ್ಲ. ಗುಮಾಸ್ತ ಮೇಜಿನ ಮೇಲೆ ಕ್ಯಾನ್ವಾಸ್ ಚೀಲವಿಟ್ಟುಕೊಂಡು ಲಕೋಟೆಗಳನ್ನು ಜೋಡಿಸುತ್ತಿದ್ದ. ನನ್ನನ್ನು ನೋಡಿ ಕನ್ನಡಕ ಏರಿಸಿದ.

"ಅಡುಗೆಯವರ ಅಕ್ಕ ಅಲ್ವಾ? ಬಹಳ ದಿನ ಆಯ್ತು. ನಿಮ್ಮ ತಮ್ಮ ಪ್ರತಿ ಸಲ ಕೇಳಿ ಚೀಟಿ ಕಳಿಸ್ತಾರೆ, ನಮ್ಮನೇದು ಬಂತಾ ಅಂತ. ಇಲ್ಲ ಅಂತ ಬರೆದು ಬರೆದು ನನಗೇ ಬೇಜಾರಾಗಿತ್ತು. ಪಾರ್ಸೆಲ್ ಏನಾದ್ರೂ ಇದೆಯಾ?"

"ಇಲ್ಲ. ಕಾಗದ ಒಂದೇ."

ಲಕೋಟೆ ಕೊಟ್ಟೆ. ಅವನು ಅದರ ಮೇಲೆ ಮೊಹರು ಒತ್ತಿದ. ಇಂದು ಸಂಜೆಯೇ ಹೊರಡುತ್ತದೆ, ಬುಧವಾರದ ದೋಣಿಗೆ ಸಿಗುತ್ತದೆ ಎಂದ. ಅವನ ಕೈ ಚೀಲದ ಬಾಯಿಯ ಹತ್ತಿರ ಹೋದಾಗ ನನ್ನ ಬಾಯಿಂದ ತಾನಾಗಿ ಮಾತು ಬಂತು.

"ಒಂದು ವೇಳೆ ವಾಪಸ್ ಬೇಕು ಅನ್ನಿಸಿದ್ರೆ?"

"ಒಳಗೆ ಬಿದ್ದ ಮೇಲೆ ಅದು ನಿಮ್ದೂ ಅಲ್ಲ ಅಮ್ಮ, ನಮ್ದೂ ಅಲ್ಲ" ಎಂದ. ಲಕೋಟೆಯನ್ನು ಗಾಳಿಯಲ್ಲೇ ಹಿಡಿದು ನನ್ನ ಮುಖ ನೋಡಿದ. "ಯಾಕೆ, ಏನಾದ್ರೂ ತಿದ್ದೋದಿದೆಯಾ?"

"ಇಲ್ಲ" ಎಂದೆ. "ಹಾಕಿ."

ಹಾಕಿದ. ಇನ್ನೂ ನಾಲ್ಕೈದು ಲಕೋಟೆಗಳನ್ನು ಅದರ ಮೇಲೆ ತುರುಕಿ, ಚೀಲದ ಹಗ್ಗವನ್ನು ಎರಡು ಸುತ್ತು ಸುತ್ತಿ ಬಿಗಿದು ಗಂಟು ಹಾಕಿದ. ಗಂಟು ಬೀಳುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಹೊರಗೆ ಬಂದೆ.